ಮೊದಲು ತನಗೇ ಚುಚ್ಚಿಕೊಂಡ ವಿಜ್ಞಾನಿ ಹಾಫ್‌ಕಿನ್

1897ರ ಜನವರಿ 10. ಮುಂಬೈ ನಗರವನ್ನು ಪ್ಲೇಗ್ ಮಾರಿ ಆವರಿಸಿ ನಾಲ್ಕು ತಿಂಗಳಾಗಿತ್ತು. ಜನ ಗಂಟುಮೂಟೆ ಕಟ್ಟಿಕೊಂಡು ರೈಲು, ಹಡಗುಗಳಲ್ಲಿ ಊರು ಬಿಡುತ್ತಿದ್ದರು. ಅಂದು ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ 36 ವರ್ಷದ ವಿದೇಶಿ ವಿಜ್ಞಾನಿಯೊಬ್ಬರು ತಾವೇ ತಯಾರಿಸಿದ ಪ್ಲೇಗ್ ಲಸಿಕೆಯನ್ನು ತಮ್ಮ ದೇಹಕ್ಕೆ ಚುಚ್ಚಿಸಿಕೊಂಡರು. ಮುಂದೆ ಸಾರ್ವಜನಿಕರಿಗೆ ಕೊಡಲಿದ್ದ ಪ್ರಮಾಣಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚಿನ ಪ್ರಮಾಣ ಅದು. ಜ್ವರ ಬಂತು, ಚುಚ್ಚಿದ ಜಾಗ ಊದಿಕೊಂಡು ನೋಯತೊಡಗಿತು. ಕೆಲವೇ ದಿನಗಳಲ್ಲಿ ಅವರು ಚೇತರಿಸಿಕೊಂಡರು. ಲಸಿಕೆಯಿಂದ ಪ್ರಾಣಾಪಾಯವಿಲ್ಲವೆಂಬುದಕ್ಕೆ ಅವರ ಬಳಿ ಅಂದು ಇದ್ದ ಸಾಕ್ಷ್ಯ ಅವರ ಸ್ವಂತ ಶರೀರವೊಂದೇ.

ಆ ವಿಜ್ಞಾನಿಯ ಹೆಸರು ವಾಲ್ಡೆಮರ್ ಹಾಫ್‌ಕಿನ್. ಕಾಲರಾ ಮತ್ತು ಪ್ಲೇಗ್ ಎಂಬ ಎರಡು ಮಹಾಮಾರಿಗಳಿಗೆ ಲಸಿಕೆ ಕಂಡುಹಿಡಿದು ಅವುಗಳನ್ನು ಭಾರತದ ನೆಲದಲ್ಲಿ ಲಕ್ಷಾಂತರ ಜನರಿಗೆ ತಲುಪಿಸಿದವರು ಅವರು. ಹೊಸ ಲಸಿಕೆಯೊಂದು ಜನರ ಮುಂದೆ ಬಂದಾಗ ಭರವಸೆ, ಭೀತಿ, ವದಂತಿ, ರೋಷಗಳು ಹೇಗೆ ಒಟ್ಟೊಟ್ಟಿಗೆ ಹುಟ್ಟುತ್ತವೆ ಎಂಬುದನ್ನು ಅವರಷ್ಟು ಹತ್ತಿರದಿಂದ ಕಂಡವರು ವಿರಳ. ಕಡೆಗೆ ಅವರ ವೃತ್ತಿಜೀವನವನ್ನು ಮುರಿದದ್ದು ಒಂದೇ ಒಂದು ಲಸಿಕೆ ಬಾಟಲಿ. ಹುಬ್ಬಳ್ಳಿ, ಧಾರವಾಡ, ಬೆಂಗಳೂರುಗಳ ಚರಿತ್ರೆಯೊಂದಿಗೂ ಅವರ ಕೆಲಸ ಹೆಣೆದುಕೊಂಡಿದೆ.

ಒಡೆಸ್ಸಾದಿಂದ ಪ್ಯಾರಿಸ್‌ಗೆ

ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಅಂದಿನ ರಷ್ಯಾ ಸಾಮ್ರಾಜ್ಯದ ಬಂದರು ನಗರವಾದ ಒಡೆಸ್ಸಾದಲ್ಲಿ. ಈಗ ಅದು ಉಕ್ರೇನ್ ದೇಶದಲ್ಲಿದೆ. ಅವರದು ಯೆಹೂದಿ ಕುಟುಂಬ. ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಾಗ ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಇಲ್ಯಾ ಮೆಚ್ನಿಕಾಫ್ ಅವರು ಗುರುಗಳಾಗಿ ದೊರೆತರು.

ಅವು ಪ್ರಕ್ಷುಬ್ಧ ದಿನಗಳು. ಝಾರ್ ದೊರೆಯ ಆಡಳಿತದ ವಿರುದ್ಧ ವಿದ್ಯಾರ್ಥಿಗಳು ದನಿ ಎತ್ತುತ್ತಿದ್ದರು. ಹಾಫ್‌ಕಿನ್ ಕೂಡ ಆ ಚಳವಳಿಯಲ್ಲಿದ್ದು ಬಂಧನಕ್ಕೊಳಗಾದರು. 1881ರಲ್ಲಿ ಒಡೆಸ್ಸಾದ ಯೆಹೂದಿ ಮನೆಗಳ ಮೇಲೆ ದಾಳಿಗಳು ನಡೆದಾಗ ಆತ್ಮರಕ್ಷಣೆಯ ತಂಡ ಸೇರಿ ಗಾಯಗೊಂಡರು. ವಿದ್ಯೆಯಲ್ಲಿ ಮುಂದಿದ್ದರೂ ಪ್ರಾಧ್ಯಾಪಕ ಹುದ್ದೆ ಅವರಿಗೆ ಒಲಿಯಲಿಲ್ಲ. ಅದಕ್ಕೆ ಮತಾಂತರವಾಗಬೇಕಿತ್ತು. ಹಾಫ್‌ಕಿನ್ ಒಪ್ಪಲಿಲ್ಲ. ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದ ಕೆಲಸಕ್ಕೆ ತೃಪ್ತಿಪಟ್ಟುಕೊಳ್ಳಬೇಕಾಯಿತು.

1888ರಲ್ಲಿ ಅವರು ತಾಯ್ನಾಡು ತೊರೆದು ಸ್ವಿಟ್ಜರ್‌ಲೆಂಡ್‌ನ ಜಿನೀವಾ ಸೇರಿದರು. ಅಲ್ಲಿಂದ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಗೆ ಹೋದರು. ಗುರು ಮೆಚ್ನಿಕಾಫ್ ಆಗಲೇ ಅಲ್ಲಿದ್ದರು. ಖಾಲಿಯಿದ್ದದ್ದು ಗ್ರಂಥಪಾಲಕನ ಹುದ್ದೆ ಮಾತ್ರ. ಹಾಫ್‌ಕಿನ್ ಅದನ್ನೇ ಒಪ್ಪಿಕೊಂಡು ಪುಸ್ತಕಗಳ ಕೆಲಸ ಮುಗಿದ ಮೇಲೆ ಪ್ರಯೋಗಾಲಯದಲ್ಲಿ ದುಡಿಯತೊಡಗಿದರು.

ಕಾಲರಾ ಆಗ ಖಂಡಗಳನ್ನು ದಾಟಿ ಜನರನ್ನು ಕೊಲ್ಲುತ್ತಿತ್ತು. ಕಾಲರಾ ರೋಗಾಣುವನ್ನು ಗಿನಿ ಇಲಿಗಳ ದೇಹದಲ್ಲಿ ಸತತವಾಗಿ ಬೆಳೆಸಿ ಅದರ ಶಕ್ತಿ ಹೆಚ್ಚಿಸುವುದು, ಬಿಸಿಗಾಳಿ ಹಾಯಿಸಿ ಅದನ್ನು ದುರ್ಬಲಗೊಳಿಸುವುದು ಎಂಬ ಎರಡು ವಿಧಾನಗಳನ್ನು ಹಾಫ್‌ಕಿನ್ ಬಳಸಿದರು. ಮೊದಲು ದುರ್ಬಲ ರೋಗಾಣು, ಕೆಲವು ದಿನಗಳ ನಂತರ ಪ್ರಬಲ ರೋಗಾಣು. ಹೀಗೆ ಎರಡು ಕಂತಿನ ಲಸಿಕೆ ಸಿದ್ಧವಾಯಿತು. 1892ರ ಜುಲೈ 18ರಂದು ಅದನ್ನು ಮೊದಲಿಗೆ ತಮಗೇ ಚುಚ್ಚಿಕೊಂಡರು. ಆಮೇಲೆ ರಷ್ಯಾದ ಸ್ನೇಹಿತರು ಮುಂದೆ ಬಂದರು.

ಲಸಿಕೆ ಸುರಕ್ಷಿತವೆಂಬುದು ತಿಳಿಯಿತು. ಆದರೆ ರೋಗ ತಡೆಯುತ್ತದೆಯೇ ಎಂಬುದನ್ನು ಅರಿಯಲು ಕಾಲರಾ ಇರುವ ನಾಡಿಗೇ ಹೋಗಬೇಕಿತ್ತು. ರಷ್ಯಾ ಅವರಿಗೆ ಅವಕಾಶ ಕೊಡಲಿಲ್ಲ. ಭಾರತದ ವೈಸ್‌ರಾಯ್ ಆಗಿದ್ದು ಆಗ ಪ್ಯಾರಿಸ್‌ನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ ಭಾರತದ ದಾರಿ ತೋರಿದರು.

ಕಲ್ಕತ್ತೆಯ ಬಸ್ತಿಯಲ್ಲಿ

1893ರ ಮಾರ್ಚ್‌ನಲ್ಲಿ ಹಾಫ್‌ಕಿನ್ ಕಲ್ಕತ್ತೆಗೆ ಬಂದಿಳಿದರು. ಅವರನ್ನು ಎಲ್ಲರೂ ಸ್ವಾಗತಿಸಲಿಲ್ಲ. ಬ್ರಿಟಿಷ್ ಅಧಿಕಾರಿಗಳ ಕಣ್ಣಿಗೆ ಅವರು ರಷ್ಯಾದವರು, ಗೂಢಚಾರರೂ ಆಗಿರಬಹುದು. ಭಾರತೀಯ ವೈದ್ಯಕೀಯ ಸೇವೆಯ ಬಿಳಿಯ ವೈದ್ಯರಿಗೆ ಅವರು ವೈದ್ಯ ಪದವಿಯೇ ಇಲ್ಲದ ಪ್ರಾಣಿಶಾಸ್ತ್ರಜ್ಞ. ಸಾಮಾನ್ಯ ಜನರಿಗಂತೂ ಸೂಜಿ ಹಿಡಿದು ಬಂದ ಮತ್ತೊಬ್ಬ ದೊರೆ. ಹೀಗಾಗಿ ಮೊದಲ ವರ್ಷ ಅವರ ಕೆಲಸ ಹೆಚ್ಚಾಗಿ ಉತ್ತರ ಭಾರತದಲ್ಲಿ ನಡೆಯಿತು. ಮೊದಲ ಚುಚ್ಚುಮದ್ದುಗಳನ್ನು 1893ರ ಏಪ್ರಿಲ್‌ನಲ್ಲಿ ಆಗ್ರಾದಲ್ಲಿ ಕೊಡಲಾಯಿತು.

1894ರ ಮಾರ್ಚ್‌ನಲ್ಲಿ ಕಲ್ಕತ್ತೆಯ ಆರೋಗ್ಯಾಧಿಕಾರಿ ವಿಲಿಯಂ ಸಿಂಪ್ಸನ್ ಅವರ ಕರೆಯ ಮೇರೆಗೆ ಹಾಫ್‌ಕಿನ್ ಕಠಾಲ್‌ಬಗಾನ್ ಎಂಬ ಬಡಜನರ ಬಸ್ತಿಗೆ ಹೋದರು. ಅಲ್ಲಿನ ಕೊಳದ ನೀರಿನಲ್ಲಿ ಕಾಲರಾ ರೋಗಾಣು ಪತ್ತೆಯಾಗಿತ್ತು. ಲಸಿಕೆಯ ಪೆಟ್ಟಿಗೆ ಕಂಡ ಜನ ರೊಚ್ಚಿಗೆದ್ದರು, ಕಲ್ಲು ತೂರಿದರು. ಹಾಫ್‌ಕಿನ್ ಹಿಮ್ಮೆಟ್ಟಲಿಲ್ಲ, ಪೊಲೀಸರನ್ನೂ ಕರೆಸಲಿಲ್ಲ. ಎಲ್ಲರ ಎದುರಿನಲ್ಲಿ ಅಂಗಿ ಸರಿಸಿ ತಮಗೆ ಚುಚ್ಚಿಸಿಕೊಂಡರು. ಜೊತೆಯಲ್ಲಿದ್ದ ಭಾರತೀಯ ವೈದ್ಯರು ಜನರ ಭಾಷೆಯಲ್ಲೇ ವಿಷಯ ವಿವರಿಸಿದರು. ನೆರೆದಿದ್ದ ಸುಮಾರು 200 ಮಂದಿಯಲ್ಲಿ 116 ಮಂದಿ ಲಸಿಕೆಗೆ ಮುಂದಾದರು. ಆ ಬಳಿಕ ಬಸ್ತಿಯಲ್ಲಿ ಕಾಣಿಸಿಕೊಂಡ ಕಾಲರಾ ಲಸಿಕೆ ಪಡೆಯದವರನ್ನೇ ಬಾಧಿಸಿತು.

ಆ ದಿನದ ಪಾಠವನ್ನು ಹಾಫ್‌ಕಿನ್ ಮರೆಯಲಿಲ್ಲ. ಒಪ್ಪಿದವರಿಗೆ ಮಾತ್ರ ಲಸಿಕೆ, ಕೇಳಿದವರಿಗೆಲ್ಲ ವಿವರಣೆ, ಬೇಕೆಂದರೆ ಮೊದಲು ತನಗೇ ಸೂಜಿ. ಇದು ಅವರ ಪದ್ಧತಿಯಾಯಿತು. ಅಸ್ಸಾಮಿನ ಚಹಾ ತೋಟಗಳು, ಜೈಲುಗಳು, ಸೈನಿಕ ಶಿಬಿರಗಳನ್ನೆಲ್ಲ ಸುತ್ತಿ 1895ರ ವೇಳೆಗೆ ಸುಮಾರು 42 ಸಾವಿರ ಮಂದಿಗೆ ಕಾಲರಾ ಲಸಿಕೆ ಹಾಕಿದರು. ಮಲೇರಿಯಾದಿಂದ ಹಣ್ಣಾಗಿ ಇಂಗ್ಲೆಂಡಿಗೆ ಮರಳಿದರಾದರೂ ಮರುವರ್ಷವೇ ಭಾರತಕ್ಕೆ ಹಿಂದಿರುಗಿದರು.

ಒಂದು ಕೊಠಡಿ, ಒಂದು ಪಡಸಾಲೆ

1896ರ ಸೆಪ್ಟೆಂಬರ್‌ನಲ್ಲಿ ಮುಂಬೈಯ ಮಾಂಡ್ವಿ ಪ್ರದೇಶದಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಅದನ್ನು ಮೊದಲು ಗುರುತಿಸಿದವರು ಗೋವಾ ಮೂಲದ ವೈದ್ಯ ಅಕಾಸಿಯೊ ವಿಯೇಗಸ್. ಚೀನಾದಿಂದ ಹಾಂಕಾಂಗ್ ಮಾರ್ಗವಾಗಿ ಜಗತ್ತಿಗೆ ಹಬ್ಬುತ್ತಿದ್ದ ಮಹಾಮಾರಿ ಅದು. ಸರ್ಕಾರ ಹಾಫ್‌ಕಿನ್ ಅವರನ್ನು ಮುಂಬೈಗೆ ಕರೆಸಿಕೊಂಡಿತು. ಅವರಿಗೆ ದೊರೆತದ್ದು ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೊಠಡಿ, ಒಂದು ಪಡಸಾಲೆ, ಒಬ್ಬ ಗುಮಾಸ್ತ ಮತ್ತು ಮೂವರು ಸಹಾಯಕರು. ಕೆಲಸದ ಒತ್ತಡಕ್ಕೆ ಸಹಾಯಕರಲ್ಲೊಬ್ಬರು ಕುಸಿದರು, ಇನ್ನಿಬ್ಬರು ಬಿಟ್ಟುಹೋದರು. ಹಾಫ್‌ಕಿನ್ ಮೂರು ತಿಂಗಳಲ್ಲಿ ಲಸಿಕೆ ಸಿದ್ಧಪಡಿಸಿದರು.

ಈ ಲಸಿಕೆಯ ತಯಾರಿಕೆಯಲ್ಲೇ ಜನರ ನಂಬಿಕೆಗಳ ಬಗ್ಗೆ ಅವರಿಗಿದ್ದ ಎಚ್ಚರ ಕಾಣುತ್ತದೆ. ರೋಗಾಣು ಬೆಳೆಸಲು ಮಾಂಸದ ಸಾರು ಬೇಕು. ಹಿಂದೂಗಳಿಗೆ ಗೋಮಾಂಸ, ಮುಸಲ್ಮಾನರಿಗೆ ಹಂದಿಮಾಂಸ ಸಲ್ಲದು. ಆದ್ದರಿಂದ ಹಾಫ್‌ಕಿನ್ ಮೇಕೆ ಮಾಂಸದ ಸಾರನ್ನು ಬಳಸಿದರು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟಾಗ ಅವುಗಳ ಅಡಿಯಿಂದ ಪ್ಲೇಗ್ ರೋಗಾಣುಗಳು ಗುಹೆಯ ಚಾವಣಿಯಿಂದ ಇಳಿಬೀಳುವ ಸುಣ್ಣದ ಬಿಳಲುಗಳಂತೆ ಬೆಳೆದವು. ಹೀಗೆ ಬೆಳೆದ ರೋಗಾಣುಗಳನ್ನು ಕಾಯಿಸಿ ಕೊಂದು, ಕಾರ್ಬಾಲಿಕ್ ಆಮ್ಲ ಬೆರೆಸಿ ಬಾಟಲಿಗಳಲ್ಲಿ ತುಂಬಲಾಗುತ್ತಿತ್ತು.

ತಮ್ಮ ಮೇಲೆ ಪ್ರಯೋಗ ಮುಗಿದ ಬಳಿಕ, ಜನವರಿ ಕೊನೆಯಲ್ಲಿ ಹಾಫ್‌ಕಿನ್ ಬೈಕುಲಾ ಜೈಲಿಗೆ ಹೋದರು. ಅಲ್ಲಿ ಪ್ಲೇಗ್ ಆಗಲೇ ಕಾಲಿಟ್ಟಿತ್ತು. ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಸ್ವಇಚ್ಛೆಯಿಂದ ಲಸಿಕೆ ಹಾಕಿಸಿಕೊಂಡರು. ಮುಂದಿನ ದಿನಗಳಲ್ಲಿ ಲಸಿಕೆ ಪಡೆಯದವರಲ್ಲಿ 12 ಮಂದಿಗೆ ರೋಗ ತಗುಲಿ 6 ಮಂದಿ ಸತ್ತರು. ಪಡೆದವರಲ್ಲಿ ಇಬ್ಬರಿಗೆ ರೋಗ ಬಂದರೂ ಯಾರೂ ಸಾಯಲಿಲ್ಲ.

ಅದೇ ವರ್ಷ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ದಮನ್‌ನಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಲಸಿಕೆ ಹಾಕಲಾಯಿತು. ಲಸಿಕೆ ಪಡೆದ 2,197 ಮಂದಿಯಲ್ಲಿ 36 ಮಂದಿ, ಪಡೆಯದ 6,033 ಮಂದಿಯಲ್ಲಿ 1,482 ಮಂದಿ ಮೃತಪಟ್ಟರು. 1898ರಲ್ಲಿ ಬರೋಡಾ ಸಂಸ್ಥಾನದ ಉಂಧೇರಾ ಗ್ರಾಮದಲ್ಲಿ ಪ್ರತಿ ಕುಟುಂಬದ ಅರ್ಧದಷ್ಟು ಮಂದಿಗೆ ಲಸಿಕೆ ಹಾಕಿ ಫಲಿತಾಂಶ ಹೋಲಿಸಲಾಯಿತು. ಒಂದೇ ಸೂರಿನಡಿ ವಾಸಿಸಿದವರಲ್ಲೇ ಲಸಿಕೆ ಪಡೆದ 71 ಮಂದಿಯಲ್ಲಿ ಸತ್ತವರು 3, ಪಡೆಯದ 64 ಮಂದಿಯಲ್ಲಿ ಸತ್ತವರು 26.

ಭೀತಿಗೆ ಕಾರಣವಿತ್ತು

ಅಂಕಿಅಂಶಗಳು ಇಷ್ಟು ಸ್ಪಷ್ಟವಾಗಿದ್ದರೂ ಜನ ಏಕೆ ಹಿಂಜರಿದರು? ಅದನ್ನು ಅರಿಯಲು ಸೂಜಿಯ ಜೊತೆಗೇ ಜನರ ಮನೆಬಾಗಿಲಿಗೆ ಬಂದ ಇತರ ಸಂಗತಿಗಳನ್ನು ನೋಡಬೇಕು.

1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಜಾರಿಗೆ ಬಂತು. ಮನೆಗಳಿಗೆ ನುಗ್ಗಿ ಶೋಧಿಸುವ, ರೋಗಿಗಳನ್ನು ಎಳೆದೊಯ್ಯುವ, ಬಂಧುಗಳನ್ನು ಶಿಬಿರಗಳಲ್ಲಿ ಕೂಡಿಹಾಕುವ, ಸಾಮಾನು ಸುಡುವ, ಪ್ರಯಾಣಿಕರನ್ನು ತಡೆದು ಪರೀಕ್ಷಿಸುವ ಅಧಿಕಾರ ಅಧಿಕಾರಿಗಳಿಗೆ ದೊರೆಯಿತು. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗ್ ಹರಡುತ್ತದೆಂಬುದು ಆಗಿನ್ನೂ ತಿಳಿದಿರಲಿಲ್ಲ. ಫ್ರಾನ್ಸಿನ ಪಾಲ್ ಲೂಯಿ ಸಿಮೊಂಡ್ ಅದನ್ನು ಪ್ರಯೋಗದಿಂದ ತೋರಿಸಿದ್ದು 1898ರಲ್ಲಿ. ಅದಕ್ಕೂ ಮೊದಲು ಸರ್ಕಾರ ಹೋರಾಡಿದ್ದು ಮನುಷ್ಯರ ಮೇಲೆ ಮತ್ತು ಅವರ ಮನೆಗಳ ಮೇಲೆ.

ಪುಣೆಯಲ್ಲಿ ಪ್ಲೇಗ್ ಸಮಿತಿಯ ಮುಖ್ಯಸ್ಥನಾಗಿದ್ದ ವಾಲ್ಟರ್ ರ‍್ಯಾಂಡ್ ಮನೆ ಶೋಧಕ್ಕೆ ಸೈನಿಕರನ್ನು ಬಳಸಿದ. ಅಡುಗೆಮನೆ, ದೇವರಮನೆಗಳಿಗೂ ಸೈನಿಕರು ಬೂಟುಗಾಲಿನಲ್ಲಿ ಹೊಕ್ಕರು. 1897ರ ಜೂನ್ 22ರ ರಾತ್ರಿ ಚಾಪೇಕರ್ ಸೋದರರು ರ‍್ಯಾಂಡ್‌ನನ್ನು ಗುಂಡಿಟ್ಟರು. ಅದೇ ವರ್ಷ ಬಾಲಗಂಗಾಧರ ತಿಲಕರು ರಾಜದ್ರೋಹದ ಆರೋಪದ ಮೇಲೆ ಸೆರೆಮನೆ ಸೇರಿದರು. ಮುಂಬೈಯಲ್ಲಿ 1896ರ ಅಕ್ಟೋಬರ್‌ನಲ್ಲೇ ಗಿರಣಿ ಕಾರ್ಮಿಕರು ಆರ್ಥರ್ ರಸ್ತೆಯ ಆಸ್ಪತ್ರೆಗೆ ಮುತ್ತಿಗೆ ಹಾಕಿದ್ದರು. 1898ರ ಮಾರ್ಚ್ 9ರಂದು ಶೋಧ ತಂಡವೊಂದು ಕಾಯಿಲೆ ಬಿದ್ದಿದ್ದ ಹುಡುಗಿಯನ್ನು ಪರೀಕ್ಷಿಸಲು ಹೋದಾಗ ಮುಸ್ಲಿಂ ನೇಕಾರರ ಕೇರಿ ಸಿಡಿದೆದ್ದು ಗಲಭೆ ಸಾವುನೋವಿನಲ್ಲಿ ಮುಗಿಯಿತು.

ಇಂಥ ವಾತಾವರಣದಲ್ಲಿ ವದಂತಿಗಳಿಗೆ ರೆಕ್ಕೆ ಬಾರದಿರುವುದು ಸಾಧ್ಯವಿರಲಿಲ್ಲ. ಆಸ್ಪತ್ರೆಯಲ್ಲಿ ರೋಗಿಗಳ ದೇಹದಿಂದ ಎಣ್ಣೆ ತೆಗೆಯುತ್ತಾರೆಂಬ ಸುದ್ದಿ ಹಬ್ಬಿತು. ಲಸಿಕೆಯ ಸೂಜಿ ಒಂದು ಗಜ ಉದ್ದವಿದೆಯೆಂದು, ಚುಚ್ಚಿಸಿಕೊಂಡವರು ಅಲ್ಲೇ ಸಾಯುತ್ತಾರೆಂದು, ಇಲ್ಲವೇ ಆರು ತಿಂಗಳಲ್ಲಿ ಸಾಯುತ್ತಾರೆಂದು, ಗಂಡಸರು ಪುರುಷತ್ವ ಕಳೆದುಕೊಂಡು ಹೆಂಗಸರು ಬಂಜೆಯರಾಗುತ್ತಾರೆಂದು ಊರೂರಲ್ಲಿ ಮಾತಾಯಿತು. ಸೈನಿಕರನ್ನು ಮನೆಯೊಳಗೆ ಕಳುಹಿಸಿದ ಸರ್ಕಾರವೇ ಲಸಿಕೆಯನ್ನೂ ಕಳುಹಿಸಿದ್ದರಿಂದ ಎರಡನ್ನೂ ಜನ ಒಂದೇ ಕಣ್ಣಿನಿಂದ ನೋಡಿದರು.

ಎಲ್ಲರ ಪ್ರತಿಕ್ರಿಯೆಯೂ ಒಂದೇ ಆಗಿರಲಿಲ್ಲ. ಇಸ್ಮಾಯಿಲಿ ಖೋಜಾ ಸಮುದಾಯದ ತರುಣ ಗುರು ಮೂರನೆಯ ಆಗಾಖಾನ್ ಆಗ ಇಪ್ಪತ್ತರ ಆಸುಪಾಸಿನವರು. ಅವರು ಬಹಿರಂಗವಾಗಿ, ಒಂದಕ್ಕಿಂತ ಹೆಚ್ಚು ಬಾರಿ ಲಸಿಕೆ ಹಾಕಿಸಿಕೊಂಡರು. ತಮ್ಮ ಖುಸ್ರು ಲಾಡ್ಜ್ ಬಂಗಲೆಯನ್ನು ಪ್ರಯೋಗಾಲಯಕ್ಕೆ ಬಿಟ್ಟುಕೊಟ್ಟರು. ಅವರನ್ನು ಕಂಡು ಸಾವಿರಾರು ಖೋಜಾಗಳು ಸೂಜಿಗೆ ತೋಳೊಡ್ಡಿದರು. ಸರ್ಕಾರದ ಸುತ್ತೋಲೆಗಳಿಂದ ಆಗದ ಕೆಲಸ ಜನ ನಂಬಿದ ಒಬ್ಬ ವ್ಯಕ್ತಿಯಿಂದ ಆಯಿತು.

ಹುಬ್ಬಳ್ಳಿಯ ಲೆಕ್ಕ

ಮುಂಬೈಯಿಂದ ಪ್ಲೇಗ್ ರೈಲುಮಾರ್ಗ ಹಿಡಿದು ದಕ್ಷಿಣಕ್ಕೆ ಇಳಿಯಿತು. ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಜಿಲ್ಲೆ ಅದರ ಹೊಡೆತಕ್ಕೆ ಸಿಕ್ಕಿತು. ಸದರ್ನ್ ಮರಾಠಾ ರೈಲ್ವೆಯ ಕಾರ್ಯಾಗಾರ, ಹತ್ತಿಯ ವ್ಯಾಪಾರ, ಗಿರಣಿಗಳಿಂದ ಗಿಜಿಗುಡುತ್ತಿದ್ದ ಹುಬ್ಬಳ್ಳಿಯಲ್ಲಿ 1898ರ ಬೇಸಿಗೆಯಿಂದ ಹಾಫ್‌ಕಿನ್ ಲಸಿಕೆಯ ಬೃಹತ್ ಕಾರ್ಯಾಚರಣೆ ಆರಂಭವಾಯಿತು. ಅದರ ಹೊಣೆ ಹೊತ್ತವರು ವೈದ್ಯಾಧಿಕಾರಿ ಲೂಮನ್. ಸುಮಾರು 50 ಸಾವಿರ ಜನಸಂಖ್ಯೆಯ ಊರಿನಲ್ಲಿ ಸೆಪ್ಟೆಂಬರ್ ವೇಳೆಗೆ ಬಹುಪಾಲು ಜನ ಲಸಿಕೆ ಪಡೆದಿದ್ದರು. ಭಾರತದಲ್ಲಿ ಅಂದಿನವರೆಗೆ ಒಂದೇ ಊರಿನಲ್ಲಿ ಇಷ್ಟು ಮಂದಿ ಈ ಸೂಜಿಗೆ ಒಪ್ಪಿದ ನಿದರ್ಶನ ಅಪರೂಪ.

ಹುಬ್ಬಳ್ಳಿಯ ಜನ ಒಪ್ಪಿದ್ದಕ್ಕೆ ಕಾರಣ ಬರೀ ನಂಬಿಕೆಯಲ್ಲ. ಊರಿನಲ್ಲಿ ಸಾವು ಕಣ್ಣೆದುರಿಗಿತ್ತು. ಲಸಿಕೆಯ ಪ್ರಮಾಣಪತ್ರ ಹೊಂದಿದವರಿಗೆ ಶಿಬಿರವಾಸದಿಂದ, ಪ್ರಯಾಣದ ತಡೆಯಿಂದ ವಿನಾಯಿತಿ ದೊರೆಯುತ್ತಿತ್ತು. ದುಡಿದು ತಿನ್ನುವವರಿಗೆ ಆ ಚೀಟಿ ಅನ್ನದ ಚೀಟಿಯೂ ಆಗಿತ್ತು. ಇದನ್ನು ಪೂರ್ತಿ ಸ್ವಇಚ್ಛೆ ಎನ್ನಲಾಗದು, ಪೂರ್ತಿ ಬಲವಂತ ಎನ್ನಲೂ ಆಗದು.

ಹುಬ್ಬಳ್ಳಿಯ ನೂಲುವ ಮತ್ತು ನೇಯುವ ಗಿರಣಿಯೊಂದರ ಲೆಕ್ಕ ಅಂದಿನ ವರದಿಗಳಲ್ಲಿ ಪ್ರಸಿದ್ಧವಾಯಿತು. ಗಿರಣಿಯಲ್ಲಿ ಒಟ್ಟು 1,173 ಮಂದಿ. ಎರಡು ಬಾರಿ ಲಸಿಕೆ ಪಡೆದವರು 1,040. ಅವರಲ್ಲಿ ಸತ್ತವರು 22. ಒಮ್ಮೆ ಮಾತ್ರ ಪಡೆದವರು 58, ಸತ್ತವರು 8. ಲಸಿಕೆ ನಿರಾಕರಿಸಿದವರು 75, ಸತ್ತವರು 20. ಒಂದೇ ಆವರಣದಲ್ಲಿ, ಒಂದೇ ಗಾಳಿಯಲ್ಲಿ ದುಡಿದವರ ನಡುವಿನ ಅಂತರ ಇದು.

ಹುಬ್ಬಳ್ಳಿಯ ಬಳಿಕ ಬೆಂಗಳೂರಿನ ಸರದಿ. 1898ರ ಆಗಸ್ಟ್‌ನಲ್ಲಿ ಧಾರವಾಡದ ಕಡೆಯಿಂದ ರೈಲಿನಲ್ಲಿ ಬಂದವರೊಂದಿಗೆ ಪ್ಲೇಗ್ ನಗರ ಪ್ರವೇಶಿಸಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತ ಆರೋಗ್ಯ ಶಿಬಿರಗಳನ್ನು ತೆರೆಯಿತು. ಮುಂದೆ ಕೇರಳದ ಸಮಾಜ ಸುಧಾರಕರಾಗಿ ಹೆಸರಾದ ಡಾ. ಪಲ್ಪು ಆಗ ಬೆಂಗಳೂರಿನಲ್ಲಿ ಸರ್ಕಾರಿ ವೈದ್ಯರಾಗಿದ್ದು ಪ್ಲೇಗ್ ಪೀಡಿತರ ನಡುವೆ ದುಡಿದರು. ಇಕ್ಕಟ್ಟಿನ ಪೇಟೆ ಬಿಟ್ಟು ಜನ ಬಯಲಿಗೆ ಹೋದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಈ ಹಿನ್ನೆಲೆಯಲ್ಲಿ. 1891ರ ಜನಗಣತಿಯಲ್ಲಿ 80 ಸಾವಿರವಿದ್ದ ಬೆಂಗಳೂರು ನಗರದ ಜನಸಂಖ್ಯೆ 1901ರಲ್ಲಿ 69 ಸಾವಿರಕ್ಕೆ ಕುಸಿದಿತ್ತು.

ಮೈಸೂರು ಸಂಸ್ಥಾನದಲ್ಲೂ ಪ್ರತಿಕ್ರಿಯೆ ಬಗೆಬಗೆಯದು. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ 1898ರಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಜನ ದಂಗೆ ಎದ್ದರು. ಹಳ್ಳಿಗಳಲ್ಲಿ ಮನೆಯೊಳಗೆ ಇಲಿ ಸತ್ತು ಬಿದ್ದರೆ ಸಾಕು, ಜನ ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಪ್ಲೇಗ್ ಮಾರಮ್ಮನಿಗೆ ಗುಡಿಗಳೆದ್ದವು. ಸೂಜಿ ಹಾಕಿಸಿಕೊಂಡು ಬಂದವರೇ ಮಾರಮ್ಮನಿಗೆ ಹರಕೆ ಹೊತ್ತರೆ ಅದು ಅವರಿಗೆ ವಿರೋಧಾಭಾಸವೆನಿಸುತ್ತಿರಲಿಲ್ಲ.

ಬಾಟಲಿ ಸಂಖ್ಯೆ 53

1899ರ ಆಗಸ್ಟ್ 10ರಂದು ಪರೇಲ್‌ನ ಹಳೆಯ ಸರ್ಕಾರಿ ಭವನದಲ್ಲಿ ಪ್ಲೇಗ್ ಸಂಶೋಧನಾ ಪ್ರಯೋಗಾಲಯ ಉದ್ಘಾಟನೆಯಾಯಿತು. ಹಾಫ್‌ಕಿನ್ ಅದರ ಮುಖ್ಯ ನಿರ್ದೇಶಕರಾದರು. ಪ್ಲೇಗ್ ಬಗ್ಗೆ ಸರ್ಕಾರ ನೇಮಿಸಿದ್ದ ಆಯೋಗ ಅವರ ಅಂಕಿಅಂಶಗಳ ಸಂಗ್ರಹ ವಿಧಾನದಲ್ಲಿ ಲೋಪಗಳನ್ನು ಎತ್ತಿ ತೋರಿಸಿತಾದರೂ ಲಸಿಕೆ ರೋಗವನ್ನೂ ಸಾವನ್ನೂ ತಗ್ಗಿಸುತ್ತದೆಂದು ಒಪ್ಪಿತು. ಕೀರ್ತಿ ಶಿಖರದಲ್ಲಿದ್ದ ಸಮಯ ಅದು.

1902ರಲ್ಲಿ ಪಂಜಾಬ್ ಸರ್ಕಾರ ಲಕ್ಷಾಂತರ ಜನರಿಗೆ ಲಸಿಕೆ ಹಾಕುವ ಯೋಜನೆ ಹಾಕಿಕೊಂಡಿತು. ಬೇಡಿಕೆ ಪೂರೈಸಲು ಪರೇಲ್ ಪ್ರಯೋಗಾಲಯ ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟು ಶಾಖದಿಂದಲೇ ಲಸಿಕೆಯನ್ನು ಶುದ್ಧಗೊಳಿಸುವ ತ್ವರಿತ ವಿಧಾನಕ್ಕೆ ಬದಲಾಯಿತು. ಅಕ್ಟೋಬರ್ 30ರಂದು, ಈಗ ಪಾಕಿಸ್ತಾನದಲ್ಲಿರುವ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಲಸಿಕೆ ಹಾಕಲಾಯಿತು. ಒಂದು ವಾರದ ನಂತರ ಅವರಲ್ಲಿ 19 ಮಂದಿಗೆ ಧನುರ್ವಾಯು ಕಾಣಿಸಿಕೊಂಡಿತು. ಹತ್ತೊಂಬತ್ತು ಮಂದಿಯೂ ಸತ್ತರು. ಅವರೆಲ್ಲರಿಗೂ ಲಸಿಕೆ ಕೊಟ್ಟದ್ದು 53ನೇ ಸಂಖ್ಯೆಯ ಒಂದೇ ಬಾಟಲಿಯಿಂದ. ಉಳಿದ ಬಾಟಲಿಗಳಿಂದ ಲಸಿಕೆ ಪಡೆದವರಿಗೆ ಏನೂ ಆಗಲಿಲ್ಲ.

ಮುಂಬೈ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಲಾರೆನ್ಸ್ ಜೆಂಕಿನ್ಸ್ ನೇತೃತ್ವದ ವಿಚಾರಣಾ ಆಯೋಗ ದೋಷ ಪರೇಲ್ ಪ್ರಯೋಗಾಲಯದಲ್ಲೇ ಆಗಿದೆಯೆಂದು ತೀರ್ಮಾನಿಸಿತು. ಕಾರ್ಬಾಲಿಕ್ ಆಮ್ಲ ಕೈಬಿಟ್ಟದ್ದು ಹಾಫ್‌ಕಿನ್ ಅವರ ತಪ್ಪೆಂದು ಎಣಿಸಲಾಯಿತು. ಅವರನ್ನು ಹುದ್ದೆಯಿಂದ ಇಳಿಸಲಾಯಿತು. 1904ರಲ್ಲಿ ಅವರು ಭಾರತ ಬಿಟ್ಟರು.

ಆದರೆ ಹಳ್ಳಿಯಲ್ಲಿ ನಡೆದದ್ದರ ವಿವರ ಬೇರೆಯೇ ಕಥೆ ಹೇಳುತ್ತಿತ್ತು. ಅಂದು ಬೆಳಿಗ್ಗೆ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಗೊಳಿಸದೆಯೇ ಬಾಟಲಿಯ ಬಿರಡೆಗೆ ಬಳಸಲಾಗಿತ್ತು. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿ ವಾಸಿಸುವಂಥದು. ಬಾಟಲಿಯೊಳಗೆ ವಾರಗಟ್ಟಲೆ ಅದು ಬೆಳೆದಿದ್ದರೆ ತೆರೆದ ಕ್ಷಣದಲ್ಲೇ ದುರ್ವಾಸನೆ ಹೊಡೆಯಬೇಕಿತ್ತು. ಲಸಿಕೆ ಹಾಕಿದ ವೈದ್ಯರಿಗೆ ಅಂಥ ವಾಸನೆ ಬಂದಿರಲಿಲ್ಲ. ಮಾಲಿನ್ಯ ಸೇರಿದ್ದು ಹಳ್ಳಿಯಲ್ಲೇ ಹೊರತು ಮುಂಬೈಯಲ್ಲಿ ಅಲ್ಲ ಎಂಬುದಕ್ಕೆ ಇವು ಬಲವಾದ ಸೂಚನೆಗಳಾಗಿದ್ದವು.

ಈ ಸಂಗತಿಗಳು ಬೆಳಕಿಗೆ ಬರಲು ನಾಲ್ಕು ವರ್ಷ ಹಿಡಿಯಿತು. ಸರ್ಕಾರ ದಾಖಲೆಗಳನ್ನು ಪ್ರಕಟಿಸಿದ್ದು 1906ರ ಕೊನೆಯಲ್ಲಿ. ಮಲೇರಿಯಾ ಹರಡುವ ಬಗೆಯನ್ನು ಕಂಡುಹಿಡಿದ ನೊಬೆಲ್ ಪುರಸ್ಕೃತ ರೊನಾಲ್ಡ್ ರಾಸ್, ಕಲ್ಕತ್ತೆಯ ಹಳೆಯ ಮಿತ್ರ ಸಿಂಪ್ಸನ್ ಮೊದಲಾದವರು ಹಾಫ್‌ಕಿನ್ ಪರ ನಿಂತರು. 1907ರ ಜುಲೈನಲ್ಲಿ ಹತ್ತು ಮಂದಿ ತಜ್ಞರು ಸಹಿ ಮಾಡಿದ ಪತ್ರ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ವರ್ಷದ ನವೆಂಬರ್‌ನಲ್ಲಿ ಹಾಫ್‌ಕಿನ್ ದೋಷಮುಕ್ತರಾದರು. ಫ್ರಾನ್ಸಿನಲ್ಲಿ ಸುಳ್ಳು ಆರೋಪಕ್ಕೆ ಬಲಿಯಾದ ಯೆಹೂದಿ ಸೇನಾಧಿಕಾರಿ ಡ್ರೈಫಸ್‌ನ ಪ್ರಕರಣಕ್ಕೆ ಹಲವರು ಇದನ್ನು ಹೋಲಿಸಿದರು.

ನಷ್ಟ ಹಾಫ್‌ಕಿನ್ ಒಬ್ಬರದೇ ಆಗಿರಲಿಲ್ಲ. ಮಲ್ಕೋವಾಲ್ ಸುದ್ದಿ ಹಳ್ಳಿಯಿಂದ ಹಳ್ಳಿಗೆ ಹಬ್ಬಿ ಪಂಜಾಬಿನ ಲಸಿಕೆ ಯೋಜನೆ ಕುಸಿದುಬಿತ್ತು. ಸೂಜಿ ಕೊಲ್ಲುತ್ತದೆಂಬ ವದಂತಿಗೆ ಈಗ ಹತ್ತೊಂಬತ್ತು ಹೆಣಗಳ ಸಾಕ್ಷಿ ಸಿಕ್ಕಿತ್ತು. ಆ ಬಾಟಲಿಯ ವಿಚಾರದಲ್ಲಿ ಏನು ನಡೆಯಿತೆಂಬುದನ್ನು ಕೂಡಲೇ, ತೆರೆದ ಮನಸ್ಸಿನಿಂದ ಜನರ ಮುಂದಿಟ್ಟಿದ್ದರೆ ವಿಶ್ವಾಸ ಮರಳಿ ಹುಟ್ಟಬಹುದಿತ್ತು. ಸರ್ಕಾರ ದಾಖಲೆ ಮುಚ್ಚಿಟ್ಟು, ಒಬ್ಬ ವಿಜ್ಞಾನಿಯನ್ನು ಹೊಣೆಗಾರನನ್ನಾಗಿಸಿ ಕೈತೊಳೆದುಕೊಂಡಿತು. 1907ರಲ್ಲಿ, ಅಂದರೆ ಹಾಫ್‌ಕಿನ್ ದೋಷಮುಕ್ತರಾದ ವರ್ಷದಲ್ಲೇ, ಪಂಜಾಬ್ ಒಂದರಲ್ಲೇ ಆರು ಲಕ್ಷಕ್ಕೂ ಹೆಚ್ಚು ಮಂದಿ ಪ್ಲೇಗ್‌ನಿಂದ ಸತ್ತರು.

ಕೊನೆಯ ದಿನಗಳು

ದೋಷಮುಕ್ತರಾದ ಹಾಫ್‌ಕಿನ್ ಕಲ್ಕತ್ತೆಗೆ ಮರಳಿದರು. ಪರೇಲ್‌ನ ಹುದ್ದೆ ಆಗ ತೆರವಾಗಿರಲಿಲ್ಲ. ಕಲ್ಕತ್ತೆಯಲ್ಲಿ ಅವರಿಗೊಂದು ಪ್ರಯೋಗಾಲಯ ದೊರೆಯಿತಾದರೂ ಹೊಸ ಲಸಿಕೆಗಳನ್ನು ಜನರ ಮೇಲೆ ಪರೀಕ್ಷಿಸುವ ಅನುಮತಿ ಇರಲಿಲ್ಲ. ಹೆಸರಿಗೆ ಸಂದ ನ್ಯಾಯ ಕೆಲಸಕ್ಕೆ ಸಲ್ಲಲಿಲ್ಲ. ನಿವೃತ್ತಿಗೆ ಅವಕಾಶವಿದ್ದ 55ನೇ ವಯಸ್ಸಿನಲ್ಲೇ, 1915ರಲ್ಲಿ, ಸೇವೆಯಿಂದ ಬಿಡುಗಡೆ ಪಡೆದು ಯೂರೋಪಿಗೆ ಹೋದರು.

ಅವರು ವಿವಾಹವಾಗಲಿಲ್ಲ. ಯೌವನದಲ್ಲಿ ಕ್ರಾಂತಿಕಾರಿಯಾಗಿದ್ದವರು ಇಳಿವಯಸ್ಸಿನಲ್ಲಿ ತಮ್ಮ ಧರ್ಮದ ಸಾಂಪ್ರದಾಯಿಕ ಆಚರಣೆಗಳತ್ತ ವಾಲಿದರು. 1929ರಲ್ಲಿ ತಮ್ಮ ಆಸ್ತಿಯಿಂದ ಪ್ರತಿಷ್ಠಾನವೊಂದನ್ನು ಸ್ಥಾಪಿಸಿ ಪೂರ್ವ ಯೂರೋಪಿನ ಯೆಹೂದಿ ಧಾರ್ಮಿಕ ಶಾಲೆಗಳ ನೆರವಿಗೆ ಮೀಸಲಿಟ್ಟರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್‌ಲೆಂಡ್‌ನ ಲೂಸಾನ್ ನಗರದಲ್ಲಿ ನಿಧನರಾದರು. ಆಗ ಅವರ ವಯಸ್ಸು 70.

ಭಾರತ ಅವರನ್ನು ಪೂರ್ತಿ ಮರೆಯಲಿಲ್ಲ. ಅವರು ಕಟ್ಟಿದ ಪರೇಲ್ ಪ್ರಯೋಗಾಲಯಕ್ಕೆ 1925ರಲ್ಲಿ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಡಲಾಯಿತು. ಆ ವೇಳೆಗೆ ಮುಂಬೈಯಿಂದ ಹೊರಹೋದ ಪ್ಲೇಗ್ ಲಸಿಕೆಯ ಪ್ರಮಾಣ 2 ಕೋಟಿ 60 ಲಕ್ಷ ಡೋಸ್. 1964ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ಅಷ್ಟೆಲ್ಲ ಲಸಿಕೆಯ ನಡುವೆಯೂ 1896ರ ನಂತರದ ಮೂರು ದಶಕಗಳಲ್ಲಿ ಭಾರತದಲ್ಲಿ ಪ್ಲೇಗ್‌ಗೆ ಬಲಿಯಾದವರ ಸಂಖ್ಯೆ ಒಂದು ಕೋಟಿಯನ್ನು ಮೀರಿತು ಎಂಬುದನ್ನೂ ಮರೆಯುವಂತಿಲ್ಲ.

2020ರ ಮಾರ್ಚ್‌ನಲ್ಲಿ ಕೋವಿಡ್ ಹರಡಿದಾಗ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಆಶ್ರಯಿಸಿದ್ದು ಅದೇ 1897ರ ಕಾಯ್ದೆಯನ್ನು. 2021ರ ಜನವರಿಯಲ್ಲಿ ಲಸಿಕೆ ಬಂದಾಗ ಬಂಜೆತನದ ವದಂತಿಯೂ ಮತ್ತೆ ಬಂತು, ಮೊದಲು ಹಾಕಿಸಿಕೊಂಡು ತೋರಿಸಿದ ವೈದ್ಯರೂ ಬಂದರು. ಹಿಂಜರಿದವರನ್ನು ಅಜ್ಞಾನಿಗಳೆಂದು ಜರೆಯುವುದು ಸುಲಭ. ಹಾಫ್‌ಕಿನ್ ಹಾಗೆ ಮಾಡಲಿಲ್ಲ. ಕಲ್ಲು ತೂರಿದ ಬಸ್ತಿಯಲ್ಲಿ ನಿಂತು ಮೊದಲು ತಮಗೇ ಚುಚ್ಚಿಸಿಕೊಂಡು, ಜನರ ಪ್ರಶ್ನೆಗಳಿಗೆ ಉತ್ತರ ಕೊಡಿಸಿದರು.

ಹುಬ್ಬಳ್ಳಿಯ ಗಿರಣಿಯಲ್ಲಿ ಲಸಿಕೆ ಬೇಡವೆಂದ 75 ಮಂದಿಯ ಹೆಸರುಗಳು ಆ ಲೆಕ್ಕದ ಪಟ್ಟಿಯಲ್ಲಿಲ್ಲ. ಅವರು ಏಕೆ ಬೇಡವೆಂದರೆಂಬುದೂ ಅದರಲ್ಲಿಲ್ಲ. ಅವರಲ್ಲಿ 20 ಮಂದಿ ಸತ್ತರೆಂಬುದಷ್ಟೇ ಇದೆ.